ಸಾವಯವ ಹಾಲು: ಮೊದಲು ಮೇವಿನ ಲೆಕ್ಕ ಕೇಳಿ

ಸೂಪರ್‌ಮಾರ್ಕೆಟ್ಟಿನ ಫ್ರಿಜ್‌ನಲ್ಲಿ ಮಾಮೂಲಿ ಹಾಲಿನ ಪ್ಯಾಕೆಟ್ಟಿನ ಪಕ್ಕದಲ್ಲೇ ಅದಕ್ಕಿಂತ ಎಷ್ಟೋ ದುಬಾರಿಯಾದ ‘ಆರ್ಗ್ಯಾನಿಕ್’ ಹಾಲು ಇರುತ್ತದೆ. ಎರಡನ್ನೂ ಪ್ರಯೋಗಾಲಯಕ್ಕೆ ಕೊಟ್ಟರೆ ಕೊಬ್ಬು ಎಷ್ಟಿದೆ, ನೀರು ಬೆರೆಸಿದ್ದಾರೆಯೇ, ಯೂರಿಯಾ ಹಾಕಿದ್ದಾರೆಯೇ ಎಂಬುದನ್ನೆಲ್ಲ ತಿಳಿಯಬಹುದು. ಆದರೆ ಇವೆರಡರಲ್ಲಿ ಯಾವುದು ಸಾವಯವ ಎಂದು ಮನೆಯಲ್ಲಿ ಪತ್ತೆಹಚ್ಚುವ ಉಪಾಯವಿಲ್ಲ. ಪ್ರಯೋಗಾಲಯಕ್ಕೂ ಅದು ಸುಲಭವಲ್ಲ. ಹಸು ಏನು ತಿಂದಿತು, ಆ ಮೇವು ಬೆಳೆದ ನೆಲಕ್ಕೆ ಯಾವ ಗೊಬ್ಬರ ಬಿತ್ತು, ಕಾಯಿಲೆಯಾದಾಗ ಯಾವ ಔಷಧ ಕೊಟ್ಟರು ಎಂಬ ಪೂರ್ವಚರಿತ್ರೆಯಿಂದ ಹಾಲು ಸಾವಯವ ಎನಿಸಿಕೊಳ್ಳುತ್ತದೆ. ಆ ಚರಿತ್ರೆಯನ್ನು ಬರೆದಿಟ್ಟುಕೊಂಡು, ಕೇಳಿದವರಿಗೆ ತೋರಿಸುವ ಕಂಪನಿಯನ್ನು ಮಾತ್ರ ನಾನು ನಂಬುತ್ತೇನೆ.

ನಮ್ಮಲ್ಲಿ ಹಾಗೆ ಬರೆದಿಡುವುದು ಸಣ್ಣ ಕೆಲಸವಲ್ಲ. ಕರ್ನಾಟಕದ ಬಹುಪಾಲು ಹಾಲು ಎರಡು ಮೂರು ಹಸು ಕಟ್ಟಿಕೊಂಡ ಮನೆಗಳಿಂದ ಬರುತ್ತದೆ. ಬೆಳಿಗ್ಗೆ ಊರಿನ ಡೈರಿಗೆ ಕ್ಯಾನು ಹೊತ್ತು ತಂದು, ಕೊಬ್ಬು ನೋಡಿಸಿ, ಹಾಲು ಸುರಿದು ಹೋಗುತ್ತಾರೆ. ಒಂದು ಮನೆಯವರು ಸ್ವಂತ ಹೊಲದ ರಾಗಿ ಹುಲ್ಲು ಹಾಕಿರುತ್ತಾರೆ, ಇನ್ನೊಂದು ಮನೆಯವರು ಅಂಗಡಿಯ ಹಿಂಡಿ, ಬೂಸಾ ತಂದಿರುತ್ತಾರೆ. ಡೈರಿಯಲ್ಲಿ ಎಲ್ಲವೂ ಒಂದಾಗುತ್ತದೆ. ಲಕ್ಷಾಂತರ ಕುಟುಂಬಗಳಿಗೆ ಅನ್ನ ಕೊಟ್ಟ ಈ ವ್ಯವಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಸಾವಯವ ಹಾಲನ್ನು ಈ ದಾರಿಯಲ್ಲಿ ತರಲಾಗದು. ಅದಕ್ಕೆ ಬೇರೆ ವಾಹನ, ಬೇರೆ ಶೀತಲ ತೊಟ್ಟಿ, ಪ್ರತಿ ಕೊಟ್ಟಿಗೆಗೂ ಒಂದು ದಾಖಲೆ ಬೇಕು. 2010ರಲ್ಲಿ ತಿಪಟೂರಿನಲ್ಲಿ ಶುರುವಾದ ಅಕ್ಷಯಕಲ್ಪದಂತಹ ಕಂಪನಿಗಳು ಇಂತಹ ಪ್ರತ್ಯೇಕ ಸರಪಳಿ ಕಟ್ಟಿಕೊಂಡಿವೆ. ಬೆಲೆ ಏರುವುದಕ್ಕೆ ಇದೂ ಒಂದು ನ್ಯಾಯವಾದ ಕಾರಣ.

ಪ್ಯಾಕೆಟ್ ಕೈಗೆ ತೆಗೆದುಕೊಂಡರೆ ಮೊದಲು ‘ಜೈವಿಕ್ ಭಾರತ್’ ಗುರುತು ಹುಡುಕಿ: ವೃತ್ತ, ಎಲೆ, ಜೊತೆಗೊಂದು ಸರಿ ಚಿಹ್ನೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2017ರಲ್ಲಿ ತಂದ ನಿಯಮದಂತೆ ಅಂಗಡಿಯಲ್ಲಿ ಸಾವಯವ ಎಂದು ಮಾರುವ ಆಹಾರಕ್ಕೆ ಪ್ರಮಾಣಪತ್ರ ಇರಲೇಬೇಕು. ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುವ ಎನ್‌ಪಿಒಪಿ ಒಂದು ದಾರಿ. ರೈತರ ಗುಂಪುಗಳೇ ಪರಸ್ಪರ ಹೊಲ ನೋಡಿ ಖಾತರಿ ಕೊಡುವ ಪಿಜಿಎಸ್ ಇನ್ನೊಂದು. ಪಿಜಿಎಸ್-ಗ್ರೀನ್ ಎಂದಿದ್ದರೆ ಜಮೀನು ಇನ್ನೂ ರಾಸಾಯನಿಕದಿಂದ ಸಾವಯವಕ್ಕೆ ಪರಿವರ್ತನೆಯ ಹಂತದಲ್ಲಿದೆ ಎಂದರ್ಥ. 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಅದು ಬಿಸ್ಕತ್ತಿನ ಪೊಟ್ಟಣದ ಮೇಲೂ ಇರುತ್ತದೆ. ‘ಫಾರ್ಮ್ ಫ್ರೆಶ್’, ‘ಶುದ್ಧ’, ‘ನೈಸರ್ಗಿಕ’ ಎಂಬ ಮಾತುಗಳಿಗೂ ಸಾವಯವ ಪ್ರಮಾಣಪತ್ರಕ್ಕೂ ಸಂಬಂಧವಿಲ್ಲ.

ಇನ್ನು ನನ್ನನ್ನು ಹೆಚ್ಚು ಕಾಡುವ ವಿಷಯ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಸುರಕ್ಷತೆಗೆ ಕುತ್ತು ತರುವ ಕಲಬೆರಕೆ ಸಿಕ್ಕಿದ್ದು ಕೇವಲ 12ರಲ್ಲಿ. ಆದರೆ ಶೇ 5.7ರಷ್ಟು ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಮಿತಿ ಮೀರಿತ್ತು. ಇದನ್ನು ಹಾಲಿಗೆ ಯಾರೂ ಬೆರೆಸುವುದಿಲ್ಲ. ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿಟ್ಟ ಕಡಲೆಕಾಯಿ ಹಿಂಡಿಯ ಚೀಲ ತೇವ ಹಿಡಿಯುತ್ತದೆ, ಹಿಂಡಿಯ ಮೇಲೆ ಹಳದಿ ಮಿಶ್ರಿತ ಹಸಿರು ಬೂಷ್ಟು ಕಟ್ಟುತ್ತದೆ. ಆ ಶಿಲೀಂಧ್ರ ಬಿಡುವ ವಿಷವೇ ಅಫ್ಲಾಟಾಕ್ಸಿನ್ ಬಿ1. ಅದನ್ನು ತಿಂದ ಹಸುವಿನ ಯಕೃತ್ತು ಒಂದಿಷ್ಟು ಪಾಲನ್ನು ಎಂ1 ಆಗಿ ಬದಲಿಸುತ್ತದೆ, ಅದು ಒಂದೆರಡು ದಿನದಲ್ಲೇ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ, ಪಾಶ್ಚರೀಕರಣಕ್ಕೂ ಬಗ್ಗುವುದಿಲ್ಲ. ದೀರ್ಘಕಾಲ ದೇಹ ಸೇರಿದರೆ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗಬಲ್ಲದು. ನಮ್ಮ ಕಾನೂನಿನ ಮಿತಿ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ.

ರಾಸಾಯನಿಕ ಗೊಬ್ಬರ ಕಾಣದ ಹೊಲದ ಕಡಲೆಕಾಯಿಯ ಹಿಂಡಿಗೂ ಬೂಷ್ಟು ಹಿಡಿಯುತ್ತದೆ. ಸಾವಯವ ಮುದ್ರೆ ಈ ವಿಷವನ್ನು ತಡೆಯುವುದಿಲ್ಲ. ಮೇವನ್ನು ಒಣಗಿಸಿ, ನೆಲದಿಂದ ಎತ್ತರದಲ್ಲಿಟ್ಟು, ಹಾಲನ್ನು ಮತ್ತೆ ಮತ್ತೆ ಪರೀಕ್ಷಿಸುವ ಶಿಸ್ತಿನಿಂದ ಮಾತ್ರ ಅದು ಸಾಧ್ಯ. ಹಾಗಾಗಿ ಪ್ಯಾಕೆಟ್ ಮೇಲಿನ ಗ್ರಾಹಕ ಸೇವೆಯ ಸಂಖ್ಯೆಗೆ ಒಮ್ಮೆ ಫೋನ್ ಮಾಡಿ, ಅಫ್ಲಾಟಾಕ್ಸಿನ್ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ನಡೆಯುತ್ತದೆ, ಇತ್ತೀಚಿನ ವರದಿ ಕಳುಹಿಸುತ್ತೀರಾ ಎಂದು ಕೇಳಿ. ಹಿಂಡಿ ಎಲ್ಲಿಂದ ಬರುತ್ತದೆ ಎಂದೂ ಕೇಳಿ. ಹಣ ಕೊಡುವ ಗ್ರಾಹಕರಿಗೆ ಈ ಹಕ್ಕಿದೆ. ಹಾರಿಕೆಯ ಉತ್ತರ ಬಂದರೆ ಆ ಬ್ರ್ಯಾಂಡ್ ಬಿಡುವುದೇ ಮೇಲು.

ಆ್ಯಂಟಿಬಯಾಟಿಕ್ ವಿಚಾರದಲ್ಲೂ ಮುದ್ರೆಗಿಂತ ಶಿಸ್ತು ಮುಖ್ಯ. ಕೆಚ್ಚಲು ಬಾವು ಬಂದ ಹಸುವಿಗೆ ಔಷಧ ಕೊಡದೆ ನರಳಿಸುವುದು ಸಾವಯವವಲ್ಲ, ಕ್ರೌರ್ಯ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಾರ್ಗಸೂಚಿಯ ಪ್ರಕಾರ ಚಿಕಿತ್ಸೆಯ ನಂತರ ಹಾಲನ್ನು ಮಾರದೆ ತಡೆಹಿಡಿಯುವ ಅವಧಿ ಸಾವಯವದಲ್ಲಿ ಕಾನೂನಿನ ಅವಧಿಯ ದುಪ್ಪಟ್ಟು ಇರಬೇಕು.

ಪೋಷಕಾಂಶದ ಬಗ್ಗೆ ಬಹಳ ನಿರೀಕ್ಷೆ ಬೇಡ. 2016ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಸಾವಯವ ಹಾಲಿನಲ್ಲಿ ಒಮೆಗಾ-3 ಕೊಬ್ಬು ಸುಮಾರು ಶೇ 50ರಷ್ಟು ಹೆಚ್ಚು, ಅಯೋಡಿನ್ ಕಡಿಮೆ ಎಂದು ಕಂಡುಕೊಂಡಿತು. ಒಮೆಗಾ-3 ಹೆಚ್ಚಲು ಮುಖ್ಯ ಕಾರಣ ಹಸಿರು ಹುಲ್ಲು. ಹಾಲಿನಲ್ಲಿ ಒಮೆಗಾ-3 ಇರುವುದೇ ಅತ್ಯಲ್ಪವಾದ್ದರಿಂದ ಇಷ್ಟು ಹೆಚ್ಚಾದರೂ ಊಟದಲ್ಲಿ ದೊಡ್ಡ ವ್ಯತ್ಯಾಸವಾಗದು.

ಕೆಲವು ಪ್ಯಾಕೆಟ್‌ಗಳ ಮೇಲೆ ಕಾಣುವ ‘ಎ2’ ಎಂಬುದನ್ನು ಸಾವಯವದೊಂದಿಗೆ ಬೆರೆಸಬೇಡಿ. ಅದು ಹಾಲಿನಲ್ಲಿರುವ ಬೀಟಾ ಕೇಸಿನ್ ಎಂಬ ಪ್ರೋಟೀನಿನ 67ನೇ ಸ್ಥಾನದಲ್ಲಿ ಯಾವ ಅಮೈನೋ ಆಮ್ಲವಿದೆ ಎಂಬ ತಳಿಯ ವಿಚಾರ. ಎಮ್ಮೆಯ ಹಾಲೂ ಎ2 ಬಗೆಯದೇ. ರಾಸಾಯನಿಕ ಸುರಿದ ಮೇವು ತಿಂದರೂ ನಾಟಿ ಹಸುವಿನ ಹಾಲು ಸಾಮಾನ್ಯವಾಗಿ ಎ2 ಆಗಿಯೇ ಇರುತ್ತದೆ.

ಗಾಜಿನ ಬಾಟಲಿಯಲ್ಲಿ ಬರುವ ಸಾವಯವ ಹಾಲನ್ನು ಕೊಳ್ಳುವವರು ಪಾಶ್ಚರೀಕರಿಸಿದೆಯೇ ಎಂದು ಓದಿ ನೋಡಬೇಕು. ಸಾವಯವ ಹಸುವಿಗೂ ಬ್ರುಸೆಲ್ಲೋಸಿಸ್ ಎಂಬ ಸೋಂಕು ರೋಗ ಬರುತ್ತದೆ, ಕ್ಷಯ ಬರುತ್ತದೆ. ಎರಡೂ ಹಸಿ ಹಾಲಿನ ಮೂಲಕ ಮನುಷ್ಯರಿಗೆ ದಾಟುತ್ತವೆ. ಹಸಿ ಹಾಲಾಗಿದ್ದರೆ ಉಕ್ಕುವವರೆಗೆ ಕಾಯಿಸದೆ ಮಕ್ಕಳಿಗೆ ಕೊಡಬೇಡಿ.