ಯಾರೂ ಕೇಳದ ಕೆಲಸಕ್ಕೆ ಯಾವ ತಾರೀಕು?

ಪ್ರತಿ ತಿಂಗಳ 18, 19ನೇ ತಾರೀಕು ತುಮಕೂರಿನ ನಮ್ಮ ಆಡಿಟರ್ ಆಫೀಸಿಗೆ ಬಂದರೆ ಕೂರಲು ಕುರ್ಚಿ ಸಿಗುವುದಿಲ್ಲ. ಮಂಡಿಪೇಟೆಯ ವ್ಯಾಪಾರಿಗಳು, ಬಿ.ಎಚ್. ರಸ್ತೆಯ ಅಂಗಡಿಯವರು, ಅಂತರಸನಹಳ್ಳಿ ಮಾರುಕಟ್ಟೆ ಕಡೆಯವರು, ಎಲ್ಲರೂ ಬಿಲ್ಲಿನ ಕವರ್ ಹಿಡಿದು ಬರುತ್ತಾರೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಜಿಎಸ್‌ಟಿ 3ಬಿ ರಿಟರ್ನ್‌ಗೆ 20 ಕೊನೆ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ತೆರಿಗೆ ಬಾಕಿ ಇದ್ದರೆ ಅದರ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ. ಈ 50 ರೂಪಾಯಿ ಉಳಿಸಲು ಗಲ್ಲಾಪೆಟ್ಟಿಗೆಯನ್ನು ಹುಡುಗನ ಕೈಗೆ ಬಿಟ್ಟು ಓಡಿ ಬರುವವರಿದ್ದಾರೆ.

ಅದೇ ಮನುಷ್ಯನನ್ನು "ಯಜಮಾನ್ರೇ, ಬ್ಯಾಂಕಿನ ಎಫ್‌ಡಿಗೆ ನಾಮಿನಿ ಹಾಕಿಸಿದ್ರಾ?" ಅಂತ ಕೇಳಿ. "ಹಾಕಿಸ್ಬೇಕು ಸಾರ್." "ಬಿಪಿ ಚೆಕ್ ಮಾಡಿಸ್ತೀನಿ ಅಂದಿದ್ರಲ್ಲ?" "ಈ ತಿಂಗಳು ಆಗ್ಲೇ ಇಲ್ಲ." "ಕಂಪ್ಯೂಟರಲ್ಲಿ ಲೆಕ್ಕ ಬರೆಯೋದು ಕಲಿಯೋ ಕಥೆ ಏನಾಯ್ತು?" ಇದಕ್ಕೆ ಉತ್ತರವಾಗಿ ಬರೀ ನಗು.

50 ರೂಪಾಯಿಯ ಕೆಲಸ ಗೆಲ್ಲುತ್ತದೆ, ಲಕ್ಷಗಟ್ಟಲೆ ಬೆಲೆಯ ಕೆಲಸ ಸೋಲುತ್ತದೆ. ಇದು ಸೋಮಾರಿತನ ಅಂದರೆ ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿ ರಾತ್ರಿ ಒಂಬತ್ತಕ್ಕೆ ಇಳಿಸುವವರನ್ನು ಸೋಮಾರಿ ಅನ್ನಲು ಆಗುತ್ತದಾ? ರಿಟರ್ನ್ ಹಾಕಿದ್ರಾ ಅಂತ ಕೇಳಲು ಸರ್ಕಾರ ಇದೆ, ನಾನಿದ್ದೇನೆ, ಮೊಬೈಲಿಗೆ ಬರುವ ಮೆಸೇಜ್ ಇದೆ. ಕಲಿತ್ರಾ, ಓದಿದ್ರಾ, ಆರೋಗ್ಯ ನೋಡ್ಕೊಂಡ್ರಾ ಅಂತ ಕೇಳುವವರು ಯಾರೂ ಇಲ್ಲ. ನನ್ನ ಕಣ್ಣಿಗೆ ಕಾಣುವ ವ್ಯತ್ಯಾಸ ಇಷ್ಟೇ.

ನಮ್ಮ ಮನಸ್ಸು ಹೀಗೆ ನಡೆದುಕೊಳ್ಳುವುದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಮೆಂಗ್ ಝು, ಯಾಂಗ್ ಯಾಂಗ್, ಕ್ರಿಸ್ಟೋಫರ್ ಶೀ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಜನರ ಮುಂದೆ ಎರಡು ಕೆಲಸ ಇಟ್ಟರು. ಒಂದಕ್ಕೆ ಪ್ರತಿಫಲ ಜಾಸ್ತಿ, ಸಮಯವೂ ಬೇಕಾದಷ್ಟು. ಇನ್ನೊಂದಕ್ಕೆ ಪ್ರತಿಫಲ ಕಮ್ಮಿ, ಆದರೆ ಗಡುವು ಹತ್ತಿರ. ಅವಸರ ಪಡಲು ನಿಜವಾದ ಕಾರಣವೇ ಇಲ್ಲದಿದ್ದರೂ, ಗಡುವು ಹತ್ತಿರ ಇದೆ ಅಂತ ಕಂಡಾಗ ಕಮ್ಮಿ ಪ್ರತಿಫಲದ ಕೆಲಸವನ್ನೇ ಆರಿಸಿಕೊಳ್ಳುವವರು ಜಾಸ್ತಿಯಾದರು. ತಾವು ತುಂಬಾ ಬ್ಯುಸಿ ಅಂದುಕೊಂಡವರಲ್ಲಿ ಈ ಗುಣ ಇನ್ನೂ ಹೆಚ್ಚು. ಆದರೆ ಆರಿಸುವ ಹೊತ್ತಿಗೆ ಸರಿಯಾಗಿ "ಇದರಿಂದ ನಿಮಗೆ ಸಿಗುವುದು ಎಷ್ಟು" ಅಂತ ನೆನಪಿಸಿದಾಗ ಈ ಎಳೆತ ಕಡಿಮೆಯಾಯಿತು. ಮುಂದೆ ಹೇಳುವುದಕ್ಕೆಲ್ಲ ಈ ಕೊನೆಯ ಅಂಶ ಬೇಕಾಗುತ್ತದೆ.

ಕೆಲಸಗಳನ್ನು ತುರ್ತು, ಮುಖ್ಯ ಅಂತ ನಾಲ್ಕು ಚೌಕಗಳಲ್ಲಿ ಹಂಚುವ ಚಿತ್ರವನ್ನು ನೀವು ನೋಡಿರುತ್ತೀರಿ. ಅದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರು ಅಂಟಿಕೊಂಡಿದೆ. ತುರ್ತಿನದು ಮುಖ್ಯವಲ್ಲ, ಮುಖ್ಯವಾದದ್ದು ತುರ್ತಲ್ಲ ಅನ್ನುವ ಅರ್ಥದ ಮಾತನ್ನು ಅವರು 1954ರ ಒಂದು ಭಾಷಣದಲ್ಲಿ ಹೇಳಿದ್ದರು. ಅದೂ ಅವರ ಸ್ವಂತದ್ದಲ್ಲ, ಹಿಂದೆ ಕಾಲೇಜಿನ ಮುಖ್ಯಸ್ಥರಾಗಿದ್ದ ಒಬ್ಬರ ಮಾತು ಅಂತ ಅವರೇ ಹೇಳಿದ್ದರು. ಚಿತ್ರ ಚೆನ್ನಾಗಿದೆ. ಆದರೆ ನನ್ನ ಹತ್ತಿರ ಬರುವವರಲ್ಲಿ ಯಾರಿಗೂ ಯಾವ ಕೆಲಸ ಯಾವ ಚೌಕದ್ದು ಅನ್ನುವ ಗೊಂದಲ ಇಲ್ಲ. ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದು ಬೆಳಿಗ್ಗೆ ಹತ್ತು ಗಂಟೆಗೆ, ಗಿರಾಕಿ ಎದುರು ನಿಂತಿರುವಾಗ.

ಬಿ.ಎಚ್. ರಸ್ತೆಯ ಒಬ್ಬ ಹಾರ್ಡ್‌ವೇರ್ ವ್ಯಾಪಾರಿಯ ವಿಷಯ ಹೇಳುತ್ತೇನೆ. ವಯಸ್ಸು ಐವತ್ತು ದಾಟಿದೆ, ಓದಿದ್ದು ಪಿಯುಸಿ. ಕಂಪ್ಯೂಟರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಕಲಿಯಬೇಕು ಅನ್ನುವುದು ಹಳೆಯ ಆಸೆ. ಕಲಿತರೆ ಏನು ಲಾಭ ಅಂತ ನನಗಿಂತ ಚೆನ್ನಾಗಿ ಅವರಿಗೇ ಗೊತ್ತು. ಯಾವ ಮಾಲು ಓಡುತ್ತಿದೆ, ಯಾವ ಕಂಟ್ರಾಕ್ಟರ್ ಬಾಕಿ ಎಷ್ಟು ತಿಂಗಳಿಂದ ನಿಂತಿದೆ ಅಂತ ತಿಳಿಯಲು ಗುಮಾಸ್ತನ ಮುಖ ನೋಡಬೇಕಿಲ್ಲ. ಮೊದಲು ಸಂಜೆ ಕ್ಲಾಸಿಗೆ ದುಡ್ಡು ಕಟ್ಟಿದರು. ಸಂಜೆ ಅವರಿಗೆ ಜೋರು ವ್ಯಾಪಾರದ ಹೊತ್ತು, ಕ್ಲಾಸ್ ಎರಡನೇ ವಾರಕ್ಕೇ ನಿಂತಿತು. ಆಮೇಲೆ ರಾತ್ರಿ ಊಟ ಮುಗಿಸಿ ವಿಡಿಯೋ ನೋಡಿ ಕಲಿಯುತ್ತೇನೆ ಅಂದರು. ವಿಡಿಯೋದವನು ನಮಸ್ಕಾರ ಹೇಳಿ ಮುಗಿಸುವುದರೊಳಗೆ ಇವರಿಗೆ ನಿದ್ದೆ.

ನಾವಿಬ್ಬರೂ ಕೂತು ಅವರ ಒಂದು ದಿನವನ್ನು ಕಾಗದದ ಮೇಲೆ ಬರೆದೆವು. ಗಾರೆ ಮೇಸ್ತ್ರಿಗಳು, ಪ್ಲಂಬರ್‌ಗಳು ಬೆಳಿಗ್ಗೆಯೇ ಬಂದು ಸಾಮಾನು ಒಯ್ದುಬಿಡುತ್ತಾರೆ. ಹನ್ನೊಂದೂವರೆ ಹೊತ್ತಿಗೆ ಎಲ್ಲರೂ ಸೈಟಿನಲ್ಲಿರುತ್ತಾರೆ, ಅಂಗಡಿ ತಣ್ಣಗಿರುತ್ತದೆ. ಆ ಒಂದು ಗಂಟೆಯಲ್ಲಿ ಇವರು ಪೇಪರ್ ಓದುತ್ತಾ, ಬಂದ ಫೋನ್ ಎಲ್ಲಾ ಎತ್ತುತ್ತಾ ಕೂರುತ್ತಿದ್ದರು. ಆ ಹೊತ್ತಿಗೆ ಐದೇ ಐದು ಪರ್ಚೇಸ್ ಬಿಲ್ ಎಂಟ್ರಿ ಮಾಡುವುದು ಅಂತ ಮಾತಾಯಿತು. ಪುಸ್ತಕದ ಅಭ್ಯಾಸ ಬೇಡ, ತಮ್ಮದೇ ಅಂಗಡಿಯ ಬಿಲ್ಲು. ಗೊತ್ತಾಗದಿದ್ದರೆ ಗುಮಾಸ್ತ ಪಕ್ಕದಲ್ಲೇ ಇದ್ದಾನೆ. ಇದಕ್ಕಿಂತ ಮುಖ್ಯವಾದದ್ದು, ಬಿ.ಕಾಂ. ಓದುವ ಮಗಳು ರಾತ್ರಿ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಕೇಳುತ್ತಾಳೆ: "ಅಪ್ಪಾ, ಇವತ್ತು ಎಷ್ಟು ಬಿಲ್ ಹಾಕ್ದೆ?" ಈ ಪ್ರಶ್ನೆಗೆ ಸುಳ್ಳು ಹೇಳುವುದು ಸರ್ಕಾರಕ್ಕೆ ಹೇಳುವುದಕ್ಕಿಂತ ಕಷ್ಟ ಅಂತೆ. ಅವರದೇ ಮಾತು, ನಾನು ಕೇಳಿಸಿಕೊಳ್ಳದವನಂತೆ ಇದ್ದುಬಿಟ್ಟೆ.

ಇದರಿಂದ ಇನ್ನೊಂದು ಬದಲಾವಣೆಯೂ ಆಯಿತು. ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿ, ಅಂದರೆ ಜಿಎಸ್‌ಟಿ 2ಬಿ, ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ ಬರುತ್ತದೆ. ಬಿಲ್ಲೆಲ್ಲಾ ಮೊದಲೇ ಎಂಟ್ರಿ ಆಗಿದ್ದರೆ ಮಾರನೇ ದಿನವೇ ತಾಳೆ ನೋಡಬಹುದು. ಯಾರು ಬಿಲ್ ತೋರಿಸಿಲ್ಲ ಅಂತ ತಿಳಿಯುತ್ತದೆ, ಫೋನ್ ಮಾಡಿ ಕೇಳಬಹುದು. ಹತ್ತೊಂಬತ್ತರ ರಾತ್ರಿ ಕವರ್ ಹಿಡಿದು ಬರುತ್ತಿದ್ದವರ ರಿಟರ್ನ್ ಈಗ ಹದಿನೇಳರ ಹೊತ್ತಿಗೆ ಮುಗಿದಿರುತ್ತದೆ. ಅವರು ಕಲಿಯಲು ಕೊಟ್ಟ ಸಮಯ ಬೇರೆ ಕಡೆ ಉಳಿದು ವಾಪಸ್ ಬಂತು. ತುರ್ತು ಅಂತ ಬಾಗಿಲು ಬಡಿಯುವ ಕೆಲಸಗಳಲ್ಲಿ ಬಹಳಷ್ಟು ಹೀಗೇ, ಹಿಂದೆ ಯಾವಾಗಲೋ ಆಮೇಲೆ ನೋಡೋಣ ಅಂದುಬಿಟ್ಟ ಕೆಲಸಗಳು.

"ಎಲ್ಲಾ ಮುಗಿದ ಮೇಲೆ ಸಮಯ ಉಳಿದ್ರೆ ಓದ್ತೀನಿ" ಅನ್ನುವವರಿಗೆ ನಾನು ಆರ್‌ಡಿ, ಅಂದರೆ ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿಯ ಲೆಕ್ಕ ಹೇಳುತ್ತೇನೆ. ಖರ್ಚೆಲ್ಲಾ ಕಳೆದು ಉಳಿದದ್ದನ್ನು ಕಟ್ಟುತ್ತೇನೆ ಅಂದವರ ಆರ್‌ಡಿ ಬೆಳೆಯುವುದಿಲ್ಲ. ಸಂಬಳ ಬಂದ ದಿನವೇ ಖಾತೆಯಿಂದ ಕಡಿತವಾಗುವಂತೆ ಮಾಡಿದವರದು ಬೆಳೆಯುತ್ತದೆ, ಮೊತ್ತ ಸಣ್ಣದಿದ್ದರೂ. ಸಮಯವನ್ನೂ ಹೀಗೆ ಮೊದಲೇ ತೆಗೆದಿಡಬೇಕು.

ಇಲ್ಲಿ ರೈಲಿನ ಮಾತು ಬರುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದಿನಾ ಹೋಗಿ ಬರುವವರು ನಮ್ಮಲ್ಲಿ ಬಹಳ. ರೈಲಿನಲ್ಲಿ ಓದಿ, ಕೋರ್ಸ್ ಮುಗಿಸಿ ಅಂತ ಅವರಿಗೆ ಎಲ್ಲರೂ ಉಪದೇಶ ಮಾಡುತ್ತಾರೆ. ಬೆಳಿಗ್ಗೆ ಒಂಟಿಕಾಲಲ್ಲಿ ನಿಂತು ಹೋಗುವವರು ಏನು ಓದುತ್ತಾರೆ? ಸೀಟು ಸಿಗುವ ಗಾಡಿ ನಿಮ್ಮದಾದರೆ ಓದಿ. ಇಲ್ಲದಿದ್ದರೆ ಕಣ್ಣು ಮುಚ್ಚಿ ವಿಶ್ರಾಂತಿ ತೆಗೆದುಕೊಳ್ಳಿ, ಓದಿಗೆ ಭಾನುವಾರ ಬೆಳಿಗ್ಗೆ ಎರಡು ಗಂಟೆ ತೆಗೆದಿಡಿ. ದಣಿದ ತಲೆಗೆ ಮುಖ್ಯವಾದ ಕೆಲಸ ಕೊಟ್ಟು, ಆಗಲಿಲ್ಲ ಅಂತ ಕೊರಗುವುದರಲ್ಲಿ ಅರ್ಥವಿಲ್ಲ.

ಕೆಲಸವನ್ನು ಹೇಳುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. "ಇಂಗ್ಲಿಷ್ ಕಲೀಬೇಕು" ಅನ್ನುವುದು ಆಸೆ. "ಮಂಗಳವಾರ ಮಧ್ಯಾಹ್ನ ಊಟ ಆದಮೇಲೆ, ಗಲ್ಲಾ ಹತ್ತಿರ ಕೂತು, ಸೂರತ್ ಪಾರ್ಟಿಗೆ ಮಗನ ಸಹಾಯ ಇಲ್ಲದೆ ಒಂದು ಮೇಲ್ ಬರೀತೀನಿ" ಅನ್ನುವುದು ಕೆಲಸ. ಯಾವಾಗ, ಎಲ್ಲಿ, ಏನು ಅಂತ ಮೊದಲೇ ಗೊತ್ತು ಮಾಡಿಕೊಂಡವರು ಮಾಡಿ ಮುಗಿಸುವ ಸಾಧ್ಯತೆ ಹೆಚ್ಚು ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರಲ್ಲೇ ಬರೆದಿದ್ದಾರೆ. ಜೊತೆಗೆ ಅದರಿಂದ ಸಿಗುವುದೇನು ಅಂತ ಒಂದು ಸಾಲು ಬರೆದು, ಆ ಹೊತ್ತಿಗೆ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿ. ಮೇಲೆ ಹೇಳಿದ ಅಧ್ಯಯನದಲ್ಲಿ ಕೆಲಸ ಮಾಡಿದ್ದು ಆ ನೆನಪೇ. ಹಾರ್ಡ್‌ವೇರ್‌ನವರು ಗೋಡೆಗೆ ಬರೆದಿರುವುದು ಬಾಕಿ ಉಳಿಸಿಕೊಂಡ ಕಂಟ್ರಾಕ್ಟರ್‌ಗಳ ಒಟ್ಟು ಮೊತ್ತ. ಅದಕ್ಕಿಂತ ಒಳ್ಳೆಯ ಪ್ರೇರಣೆ ಬೇಕಾ?

ಆ ಮಗಳ ಹಾಗೆ ನಿಮ್ಮನ್ನು ಕೇಳುವವರನ್ನು ಆರಿಸುವಾಗ ಸ್ವಲ್ಪ ಎಚ್ಚರ ಬೇಕು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೇಳುವ ಏರ್ಪಾಡು ನಾನು ನೋಡಿದ ಮಟ್ಟಿಗೆ ಜಗಳದಲ್ಲೇ ಮುಗಿಯುತ್ತದೆ. ಮಕ್ಕಳು ಆಗಬಹುದು, ಗೆಳೆಯರು ಆಗಬಹುದು, ವಾಕಿಂಗ್‌ಗೆ ಜೊತೆಯಾಗುವವರು ಆಗಬಹುದು. ಕೇಳಿ ಸುಮ್ಮನಾಗುವವರು ಬೇಕು, ಬುದ್ಧಿ ಹೇಳುವವರು ಬೇಡ.

ಇಷ್ಟೆಲ್ಲಾ ಹೇಳಿದರೂ ಎಲ್ಲರಿಗೂ ಇದು ಒಂದೇ ರೀತಿ ಹೊಂದುವುದಿಲ್ಲ. ಕ್ಯಾತ್ಸಂದ್ರದ ಕಡೆ ತಟ್ಟೆ ಇಡ್ಲಿ ಹೋಟೆಲ್ ನಡೆಸುವ ದಂಪತಿಯ ಲೆಕ್ಕ ನಮ್ಮಲ್ಲಿದೆ. ಆ ತಾಯಿ ಮದುವೆಯ ಕಾರಣಕ್ಕೆ ಅರ್ಧಕ್ಕೆ ಬಿಟ್ಟ ಪದವಿಯನ್ನು ಮುಕ್ತ ವಿಶ್ವವಿದ್ಯಾಲಯದಲ್ಲಿ ಮುಗಿಸಬೇಕು ಅಂತಿದ್ದರು. ನಸುಕಿಗೆ ಎದ್ದು ಒಲೆ ಹಚ್ಚಿದರೆ ಮಧ್ಯಾಹ್ನದವರೆಗೆ ಹೋಟೆಲು, ಆಮೇಲೆ ಮನೆ, ಸಂಜೆ ಮತ್ತೆ ಅಕ್ಕಿ ಬೇಳೆ ನೆನೆಹಾಕಿ ರುಬ್ಬುವುದು. ಗಂಡ ನನ್ನ ಮುಂದೆ, "ಸಾರ್, ಇವಳಿಗೆ ಟೈಮ್ ಹೇಗೆ ಹೊಂದಿಸ್ಬೇಕು ಅಂತ ಸ್ವಲ್ಪ ಹೇಳಿ" ಅಂದರು. ನಾನು ಅವರ ಕಡೆಗೇ ತಿರುಗಿ, "ರುಬ್ಬೋ ಕೆಲಸ ಯಾರು ಮಾಡ್ತೀರಿ?" ಅಂತ ಕೇಳಿದೆ. ಬಿಡುವೇ ಇಲ್ಲದ ದಿನದಲ್ಲಿ ಹೊಂದಿಸುವುದು ಏನನ್ನು? ಮನೆಯಲ್ಲಿ ಇನ್ನೊಬ್ಬರು ಒಂದು ಕೆಲಸ ಹೊರಬೇಕು. ಈಗ ಸಂಜೆಯ ಗ್ರೈಂಡರ್ ಗಂಡನದ್ದು. ಹಿಟ್ಟು ಮೊದಲ ವಾರ ಹದ ತಪ್ಪಿತಂತೆ, ಗಿರಾಕಿಗಳು ಗೊಣಗಿದರಂತೆ. ಆಕೆ ಪರೀಕ್ಷೆಗೆ ಕೂತರು.

ಪಟ್ಟಿ ಉದ್ದ ಮಾಡಿಕೊಳ್ಳಬೇಡಿ. ಯೋಗ, ಹಿಂದಿ, ಷೇರು ಮಾರ್ಕೆಟ್, ಕೊಳಲು ಎಲ್ಲವನ್ನೂ ಬರೆದುಕೊಂಡು ಬಂದ ಒಬ್ಬರಿಗೆ ಮೂರನ್ನು ಹೊಡೆದುಹಾಕಿಸಿದೆ. ಅವರ ಮುಖ ಹಗುರಾಯಿತು. ಬೇರೆಯವರು ಮಾಡುತ್ತಿದ್ದಾರೆ ಅಂತ ನಮ್ಮ ಪಟ್ಟಿಗೆ ಬಂದದ್ದು ಎಷ್ಟೋ ಇರುತ್ತವೆ, ಅಲ್ವಾ? ಒಂದು ಸಾಕು, ಅದು ಅಭ್ಯಾಸ ಆಗುವವರೆಗೆ.

ಆ ಒಂದನ್ನು ಶುರು ಮಾಡಲು ನಿಮ್ಮ ಕಸುಬಿನ ಡಲ್ ಸೀಸನ್ ನೋಡಿಕೊಳ್ಳಿ. ಬಟ್ಟೆ ಅಂಗಡಿಯವರಿಗೆ ಆಷಾಢದಲ್ಲಿ ಮದುವೆ ಗಿರಾಕಿ ಇರುವುದಿಲ್ಲ. ಶ್ರಾವಣ ಬಂದರೆ ತಲೆ ಎತ್ತಲು ಬಿಡುವಿಲ್ಲ. ಗುಬ್ಬಿ ಕಡೆ ಅಡಿಕೆ ಚೇಣಿ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವವರಿಗೆ ಕೊಯ್ಲಿನಲ್ಲಿ ಹೊಸ ಅಭ್ಯಾಸದ ಮಾತು ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ. ಮೇಷ್ಟ್ರುಗಳಿಗೆ ಏಪ್ರಿಲ್, ಮೇ ಇದೆ. ನಮ್ಮಂಥವರಿಗೆ ಪ್ರತಿ ತಿಂಗಳು 20 ದಾಟಿದ ಮೇಲಿನ ವಾರ.

ಕೆಲಸ ಜೋರಾಗಿರುವ ಕಾಲದಲ್ಲಿ ಈ ಅಭ್ಯಾಸ ನಿಂತೇ ನಿಲ್ಲುತ್ತದೆ. ಅದಕ್ಕೆ ಬೇಜಾರು ಪಡುವ ಬದಲು ಮತ್ತೆ ಶುರು ಮಾಡುವ ದಿನವನ್ನು ನಿಲ್ಲಿಸುವ ದಿನವೇ ಬರೆದಿಡಿ. ನಮ್ಮ ಆಫೀಸಿನಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ತರಬೇತಿ, ಮಾಡುವ ಹುಡುಗರು ಸಿಎ ಪರೀಕ್ಷೆಗೆ ಓದುತ್ತಿರುತ್ತಾರೆ. ಎಷ್ಟು ಪುಟ ಆಯಿತು ಅಂತ ಅವರನ್ನು ಕೇಳುವ ಕೆಲಸ ನನ್ನದು. ಸೆಪ್ಟೆಂಬರ್ ಕೊನೆಯ ಎರಡು ವಾರ ಆಡಿಟ್ ಫೈಲುಗಳು ಮೇಜು ತುಂಬಿ ನೆಲಕ್ಕೆ ಬಂದಿರುತ್ತವೆ, ಆಗ ನಾನು ಆ ಮಾತೇ ಎತ್ತುವುದಿಲ್ಲ. ಮತ್ತೆ ಕೇಳುವ ದಿನವನ್ನು ಮಾತ್ರ ಅವರೇ ಆರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಕಳೆದ ಬಾರಿ ಒಬ್ಬ ಹುಡುಗ ದಸರಾ ರಜೆ ಕಳೆದ ಮೇಲಿನ ಸೋಮವಾರಕ್ಕೆ ಗುರುತು ಹಾಕಿದ. ಇನ್ನೂ ಒಂದು ವಾರ ಮುಂದಕ್ಕೆ ಹಾಕಲಾ ಅಂತ ಕೇಳಿದ. ಹಾಕು ಅಂದೆ, ಆದರೆ ಪೆನ್ಸಿಲ್ ಬೇಡ, ಪೆನ್ನಿನಲ್ಲಿ ಹಾಕು.