ಜರಡಿಯ ಕಣ್ಣು ಎಷ್ಟಿರಬೇಕು? ಹಲವರು ಸೇರಿ ದೊಡ್ಡ ಸಂಖ್ಯೆಯನ್ನು ಒಡೆಯುವವರಿಗೆ ಟಿಪ್ಪಣಿ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದಲ್ಲಿ ಚದುರಿರುವ ನಾವು ಐವರು ನಮ್ಮ ಲ್ಯಾಪ್‌ಟಾಪ್‌ಗಳನ್ನೇ ಒಟ್ಟುಗೂಡಿಸಿಕೊಂಡು ದೊಡ್ಡ ಸಂಖ್ಯೆಯ ಅಪವರ್ತನಗಳನ್ನು ಹುಡುಕುವ ‘ನಂಬರ್ ಫೀಲ್ಡ್ ಸೀವ್’ ವಿಧಾನವನ್ನು ಕಲಿಯುತ್ತಿದ್ದೇವೆ. ಹೊಸಬರು ಎಡವುವ ಜಾಗ ಒಂದೇ. ಸೆಕೆಂಡಿಗೆ ಹೆಚ್ಚು ‘ಸಂಬಂಧ’ಗಳನ್ನು (ಚಿಕ್ಕ ಅವಿಭಾಜ್ಯಗಳಾಗಿ ಒಡೆದು ಜರಡಿಯಲ್ಲಿ ದಕ್ಕಿದ ಲೆಕ್ಕದ ಸಾಲುಗಳನ್ನು) ಕೊಡುವ ನಿಯತಾಂಕವೇ ಒಳ್ಳೆಯದೆಂದು ಅವರು ನಂಬಿಬಿಡುತ್ತಾರೆ. ಅದು ಏಕೆ ತಪ್ಪು ಎಂಬುದನ್ನು ಮೊದಲು ಕಾಗದದ ಮೇಲೆ ಒಂದು ಪುಟ್ಟ ಸಂಖ್ಯೆಯಿಂದ ನೋಡೋಣ.

3589ನ್ನು ಒಡೆಯಬೇಕು. ಇದರ ವರ್ಗಮೂಲ 60ಕ್ಕಿಂತ ತುಸು ಕಡಿಮೆ. 60ರಿಂದ ಶುರುಮಾಡಿ ಒಂದೊಂದು ಸಂಖ್ಯೆಯ ವರ್ಗದಿಂದ 3589ನ್ನು ಕಳೆಯುತ್ತ ಹೋದರೆ 64ರವರೆಗೆ ಕ್ರಮವಾಗಿ 11, 132, 255, 380, 507 ಸಿಗುತ್ತವೆ. ಇವುಗಳಲ್ಲಿ ಕೆಲವನ್ನು ಗುಣಿಸಿ ಪೂರ್ಣ ವರ್ಗ ಮಾಡುವುದೇ ಗುರಿ; ಅದಕ್ಕೆ ಪ್ರತಿ ಅವಿಭಾಜ್ಯವೂ ಜೋಡಿಯಾಗಬೇಕು. ನಮ್ಮ ಜರಡಿ 2, 3, 5 ಎಂಬ ಮೂರೇ ಅವಿಭಾಜ್ಯಗಳದ್ದು ಎಂದಿಟ್ಟುಕೊಳ್ಳಿ. ಇದೇ ‘ಫ್ಯಾಕ್ಟರ್ ಬೇಸ್’. (7 ಏಕಿಲ್ಲ ಎಂದು ಕೇಳುವವರಿಗೆ: 3589ನ್ನು 7ರಿಂದ ಭಾಗಿಸಿದರೆ ಶೇಷ 5; ಯಾವ ಪೂರ್ಣ ವರ್ಗವೂ 7ರ ಮುಂದೆ ಆ ಶೇಷವನ್ನು ಕೊಡುವುದಿಲ್ಲವಾದ್ದರಿಂದ 7 ಇಲ್ಲಿ ಎಂದೂ ಭಾಗಿಸದು.) ಈ ಮೂರನ್ನೂ ಭಾಗಿಸಿ ತೆಗೆದ ಮೇಲೆ ಉಳಿಯುವುದು 11, 11, 17, 19 ಮತ್ತು 169.

ಈಗ ತೀರ್ಮಾನದ ಹೊತ್ತು. 20ರೊಳಗಿನ ಒಂದು ‘ದೊಡ್ಡ ಅವಿಭಾಜ್ಯ’ ಉಳಿದರೆ ಇಟ್ಟುಕೊಳ್ಳುತ್ತೇವೆ ಎಂಬ ನಿಯಮ ಮಾಡಿದರೆ ಮೊದಲ ನಾಲ್ಕು ದಕ್ಕುತ್ತವೆ, 169 ಹೊರಗೆ ಹೋಗುತ್ತದೆ. ದಕ್ಕಿದ ನಾಲ್ಕರಲ್ಲಿ 17 ಮತ್ತು 19 ಜೊತೆಯಿಲ್ಲದ ಒಂಟಿಗಳು. ಅವು ಎಣಿಕೆಗೆ ಬಂದವೇ ಹೊರತು ಉಪಯೋಗಕ್ಕೆ ಬರಲಿಲ್ಲ. 11 ಮಾತ್ರ ಜೋಡಿಯಾಯಿತು, ಆದರೆ 11ನ್ನು 132ರಿಂದ ಗುಣಿಸಿದಾಗ ಒಂದು 3 ಮಿಕ್ಕಿಬಿಡುತ್ತದೆ. ನಿಯಮವನ್ನು ತುಸು ಸಡಿಲಿಸಿ, 20ರೊಳಗಿನ ಎರಡು ಅವಿಭಾಜ್ಯಗಳು ಉಳಿದರೂ ಸರಿ ಎನ್ನಿ. ಆಗ 13ರ ವರ್ಗವಾದ 169 ಒಳಗೆ ಬರುತ್ತದೆ. 507ರಲ್ಲಿರುವ 3 ಮಿಕ್ಕಿದ್ದ 3ನ್ನು ಜೋಡಿ ಮಾಡುತ್ತದೆ. 11, 132, 507ರ ಗುಣಲಬ್ಧ ಸರಿಯಾಗಿ 858ರ ವರ್ಗ. ಇತ್ತ 60, 61, 64ರ ಗುಣಲಬ್ಧವನ್ನು 3589ರಿಂದ ಭಾಗಿಸಿದರೆ ಶೇಷ 955. 955 ಮತ್ತು 858ರ ವರ್ಗಗಳನ್ನು 3589ರಿಂದ ಭಾಗಿಸಿದರೆ ಒಂದೇ ಶೇಷ ಬರುವುದರಿಂದ ಅವುಗಳ ವ್ಯತ್ಯಾಸದಲ್ಲಿ ಅಪವರ್ತನ ಅಡಗಿರಬಹುದು. 955ರಲ್ಲಿ 858 ಕಳೆದರೆ 97. 3589 ಎಂದರೆ 37 ಗುಣಿಸು 97! 507ನ್ನು ಬಿಸಾಡಿದ್ದರೆ ಪೂರ್ಣ ವರ್ಗ ಸಿಗಲು 67ರವರೆಗೆ ನಡೆಯಬೇಕಿತ್ತು.

ನಂಬರ್ ಫೀಲ್ಡ್ ಸೀವ್‌ನಲ್ಲಿ ಒಂದರ ಬದಲು ಎರಡು ಬಹುಪದಗಳ ಬೆಲೆಗಳು ಒಟ್ಟಿಗೆ ಚಿಕ್ಕ ಚಿಕ್ಕ ಅವಿಭಾಜ್ಯಗಳಾಗಿ ಒಡೆಯಬೇಕು. ಉಳಿದಂತೆ ಕಾಗದದ ಮೇಲಿನ ಕಥೆಯೇ. ಜರಡಿಯಲ್ಲಿರುವ ಅವಿಭಾಜ್ಯಗಳ ಮಿತಿ ಒಂದು. ದೊಡ್ಡ ಅವಿಭಾಜ್ಯದ ಮಿತಿ, ಅಂದರೆ ಎಲ್‌ಪಿಬಿ, ಇನ್ನೊಂದು. ಉಳಿಕೆ ಎಷ್ಟು ದೊಡ್ಡದಿರುವವರೆಗೆ ಒಡೆದು ನೋಡಬಹುದು ಎನ್ನುವ ಮಿತಿ, ಅಂದರೆ ಎಂಎಫ್‌ಬಿ, ಮೂರನೆಯದು. ನಮ್ಮ ಉದಾಹರಣೆಯಲ್ಲಿ ಇವು 5, 20 ಮತ್ತು 169ನ್ನು ಒಳಗೆ ಬಿಟ್ಟ ಸಡಿಲಿಕೆ.

ಹೆಚ್ಚು ಯೋಚಿಸಬೇಕಾದದ್ದು ಎಲ್‌ಪಿಬಿಯ ಬಗ್ಗೆ. 2ರ 31ನೇ ಘಾತದೊಳಗೆ 10,50,97,565 ಅವಿಭಾಜ್ಯಗಳಿವೆ. 32ನೇ ಘಾತದೊಳಗೆ 20,32,80,221. ಜರಡಿಯ ಕಣ್ಣನ್ನು ಒಂದು ಬಿಟ್ ಅಗಲ ಮಾಡಿದ ಕೂಡಲೇ ಸಂಬಂಧಗಳು ಧಾರಾಳವಾಗಿ ಉದುರತೊಡಗುತ್ತವೆ, ನಿಜ. ಆದರೆ 17, 19ರಂಥ ಒಂಟಿಗಳೂ ಹಾಗೆಯೇ ಹೆಚ್ಚುತ್ತವೆ, ಕೊನೆಗೆ ಬೇಕಾಗುವ ಸಂಬಂಧಗಳ ಸಂಖ್ಯೆಯೂ ಎರಡು ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಸೆಕೆಂಡಿಗೆ ಒಂದೂವರೆ ಪಟ್ಟು ಬಂತೆಂದು ಹಿಗ್ಗಿ 32ಕ್ಕೆ ಹಾರಿದರೆ ಅದು ನಷ್ಟದ ಬಾಬತ್ತು. ವೇಗವನ್ನು ಬೇಕಾದ ಮೊತ್ತದೊಂದಿಗೆ ತೂಗಿ ನೋಡದೆ ಯಾವ ಅಂಕಿಯನ್ನೂ ನಂಬಬೇಡಿ.

ಐವರಿರುವ ಗುಂಪಿಗೆ ಇನ್ನೊಂದು ತಾಪತ್ರಯವಿದೆ. ಒಂದು ಸಂಬಂಧದ ಸಾಲಿಗೆ ನೂರು ಬೈಟ್ ಎಂದುಕೊಂಡರೂ ಇಪ್ಪತ್ತು ಕೋಟಿ ಸಾಲಿಗೆ 20 ಜಿಬಿ ಆಗುತ್ತದೆ. ಮಳೆಗಾಲದಲ್ಲಿ ನಮ್ಮೂರಿನ ನೆಟ್‌ವರ್ಕ್ ಅಷ್ಟನ್ನು ಹೊರುವುದಿಲ್ಲ. ಸಾಗರದ ಗೆಳತಿ ಪೆನ್‌ಡ್ರೈವ್ ಹಿಡಿದು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಾಳೆ. 31, 32ರ ನಡುವೆ ಲೆಕ್ಕ ಸಮಸಮ ಬಂದಾಗ ನಾನು 31ರ ಪರ.

ಕೆಲಸ ಹಂಚಿಕೊಳ್ಳುವುದನ್ನು ಅಡಿಕೆ ಸುಲಿಯುವ ಮನೆಯಲ್ಲಿ ನೋಡಿಯೇ ಅರ್ಥ ಮಾಡಿಕೊಂಡೆ. ಒಬ್ಬೊಬ್ಬರೂ ತಮ್ಮ ಮೆಟ್ಟುಗತ್ತಿಯ ಮುಂದೆ ತಮ್ಮದೇ ರಾಶಿ ಹಾಕಿಕೊಂಡು ಕೂರುತ್ತಾರೆ. ಒಬ್ಬರ ಕೈ ಇನ್ನೊಬ್ಬರ ಕೈಗೆ ಕಾಯುವುದಿಲ್ಲ. ಇಲ್ಲಿ ಆ ರಾಶಿಗಳು ‘ಸ್ಪೆಷಲ್-ಕ್ಯೂ’ (ಚಿಕ್ಕದಾಗಿ ‘ಕ್ಯೂ’) ಎಂಬ ಅವಿಭಾಜ್ಯಗಳ ವ್ಯಾಪ್ತಿಗಳು; ಒಂದೊಂದು ಕ್ಯೂ ಹಿಡಿದು, ಅದು ಭಾಗಿಸುವ ಬೆಲೆಗಳನ್ನಷ್ಟೇ ಜರಡಿ ಹಿಡಿಯುತ್ತೇವೆ. ಜರಡಿ ಹಿಡಿಯುವ ಯಂತ್ರಗಳು ತಮ್ಮಲ್ಲಿ ಮಾತಾಡಿಕೊಳ್ಳಬೇಕಿಲ್ಲವಾದ್ದರಿಂದಲೇ 1994ರಲ್ಲಿ ಸುಮಾರು 600 ಸ್ವಯಂಸೇವಕರು ಇಮೇಲ್ ಮೂಲಕ ಆರ್‌ಎಸ್‌ಎ-129 ಎಂಬ 129 ಅಂಕಿಗಳ ಸವಾಲಿನ ಸಂಖ್ಯೆಯನ್ನು ಒಡೆಯಲು ಸಾಧ್ಯವಾಯಿತು. ಅಂದು ಬಳಸಿದ್ದು ಕ್ವಾಡ್ರಾಟಿಕ್ ಸೀವ್, ನಾವು ಕಾಗದದ ಮೇಲೆ ಮಾಡಿದ ಲೆಕ್ಕದ ಜಾತಿಯದೇ. ಯಾವ ಯಾವ ಸಂಬಂಧಗಳನ್ನು ಗುಣಿಸಿದರೆ ಪೂರ್ಣ ವರ್ಗ ಸಿಗುತ್ತದೆಂದು ಹುಡುಕುವ ಕೊನೆಯ ಮ್ಯಾಟ್ರಿಕ್ಸ್ ಕೆಲಸವನ್ನು ಹೀಗೆ ಮನೆಮನೆಗೆ ಹಂಚಲಾಗದು.

ಎಲ್ಲರ ಯಂತ್ರವೂ ಒಂದೇ ಅಲ್ಲವಲ್ಲ? 2009ರ ಡಿಸೆಂಬರ್‌ನಲ್ಲಿ ಒಡೆದ 232 ಅಂಕಿಗಳ ಆರ್‌ಎಸ್‌ಎ-768ರಲ್ಲಿ ಇದಕ್ಕೆ ಒಳ್ಳೆಯ ಪಾಠವಿದೆ. ಅಲ್ಲಿ ಜರಡಿಯ ಮಿತಿ ಒಂದು ಬಹುಪದದ ಕಡೆ 110 ಕೋಟಿ, ಇನ್ನೊಂದರ ಕಡೆ 20 ಕೋಟಿ. ಕಡಿಮೆ ಮೆಮೊರಿಯ ಯಂತ್ರಗಳಿಗೆ ಅದನ್ನು 45 ಕೋಟಿ ಮತ್ತು 10 ಕೋಟಿಗೆ ಇಳಿಸಿ, ಇಳುವರಿಯಲ್ಲಿ ತುಸು ನಷ್ಟವನ್ನು ಒಪ್ಪಿಕೊಂಡರು. ಫ್ಯಾಕ್ಟರ್ ಬೇಸ್ ಒಬ್ಬೊಬ್ಬರಲ್ಲಿ ಬೇರೆಯಾದರೂ ನಡೆಯುತ್ತದೆ. ದೊಡ್ಡ ಅವಿಭಾಜ್ಯದ ಮಿತಿಯನ್ನು, ಅಲ್ಲಿ ಅದು 2ರ 40ನೇ ಘಾತ, ಗುಂಪು ಮೊದಲೇ ಒಪ್ಪಿಕೊಂಡಿರಬೇಕು. ಅಲ್ಲಿ ಬಂದ ಸುಮಾರು 6,433 ಕೋಟಿ ಸಂಬಂಧಗಳಲ್ಲಿ ಶೇ. 27ರಷ್ಟು ನಕಲುಗಳಾಗಿದ್ದವು ಎಂಬುದನ್ನೂ ನೆನಪಿಡಿ.

ಆದ್ದರಿಂದ ಹಂಚುವ ಮುನ್ನ ಪರೀಕ್ಷಾ ಜರಡಿ ಹಿಡಿಯಲೇಬೇಕು. ಕ್ಯೂ ವ್ಯಾಪ್ತಿಯ ಆರಂಭ, ನಡು, ಕೊನೆ ಮೂರೂ ಕಡೆಯಿಂದ ಚಿಕ್ಕ ಚಿಕ್ಕ ತುಂಡು ತೆಗೆದು, ಒಂದೇ ಯಂತ್ರದಲ್ಲಿ, ಅದೇ ತುಂಡುಗಳ ಮೇಲೆ 31ನ್ನೂ 32ನ್ನೂ ಓಡಿಸಿ. ಆರಂಭವೊಂದನ್ನೇ ನೋಡಬೇಡಿ, ಚಿಕ್ಕ ಕ್ಯೂಗಳಲ್ಲಿ ಇಳುವರಿ ಚೆನ್ನಾಗಿರುತ್ತದೆ, ನಕಲುಗಳೂ ಅಲ್ಲೇ ಹೆಚ್ಚು. ಮುಂದೆ ಹೋದಂತೆ ಇಳುವರಿ ಇಳಿಯುತ್ತದೆ.

ವ್ಯಾಪ್ತಿಗಳನ್ನು ಒಂದು ರಾತ್ರಿಯಲ್ಲಿ ಮುಗಿಯುವಷ್ಟು ಚಿಕ್ಕದಾಗಿ ಕತ್ತರಿಸಿ ಕೊಡಿ. ಕಳೆದ ಜುಲೈನಲ್ಲಿ ತೀರ್ಥಹಳ್ಳಿಯ ಕಡೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ನಮ್ಮವನೊಬ್ಬ ಮೂರು ದಿನದ ವ್ಯಾಪ್ತಿಯನ್ನು ಮತ್ತೆ ಮೊದಲಿನಿಂದ ಓಡಿಸಿದ, ಬಂದದ್ದರಲ್ಲಿ ಅರ್ಧ ನಕಲು. ಹಾಗೆ ನಿಂತಾಗ ಕಡತದ ಕೊನೆಯ ಸಾಲನ್ನು ನೋಡಿ. ಅದು ನಡುವೆ ತುಂಡಾಗಿದ್ದರೆ ಅಳಿಸಿ, ಅದರ ಹಿಂದಿನ ಸಾಲು ಯಾವ ಕ್ಯೂನದ್ದೋ ಅಲ್ಲಿಂದಲೇ ಮುಂದುವರಿಸಿ. ಆ ಒಂದು ಕ್ಯೂ ಎರಡು ಸಲ ಬಂದರೆ ಚಿಂತೆಯಿಲ್ಲ, ನಕಲು ಸೋಸುವಾಗ ಅದು ಹೋಗುತ್ತದೆ.