ಪದ ಪರಿಚಯ: ಲೋಳೆ

ಬೆಂಡೆಕಾಯಿ ಹೆಚ್ಚುವಾಗ ಕೈಗೆ ಅಂಟುತ್ತದಲ್ಲ, ಅದು ಲೋಳೆ. ನಮ್ಮ ಬಾಗಲಕೋಟೆ ಕಡೆಯ ಬಾಯಲ್ಲಿ ಲೋಳಿ. ನೆನೆಸಿಟ್ಟ ಅಗಸಿಯಲ್ಲಿ ಬಿಡುವುದೂ ಇದೇ, ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುವ ಲೋಳೆಸರದ ಹೆಸರಿನಲ್ಲಿ ಇರುವುದೂ ಇದೇ. ಆದರೂ ಈ ಪದಕ್ಕೆ ಮರ್ಯಾದೆ ಕಡಿಮೆ. ಪಲ್ಯ ಲೋಳೆ ಲೋಳೆ ಆಯಿತು ಅಂದರೆ ಅಡುಗೆ ಕೆಟ್ಟಿತು ಅಂತಲೇ ಅರ್ಥ. ಹೊಳೆ ಮೀನು ತಂದವರು ಬೂದಿಯನ್ನೋ ಉಪ್ಪನ್ನೋ ಹಚ್ಚಿ ತಿಕ್ಕಿ, ಲೋಳೆ ಹೋದ ಮೇಲೆಯೇ ಕತ್ತರಿಸಲು ಕೂರುತ್ತಾರೆ.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೆ ಲೆಕ್ಕ ಉಲ್ಟಾ. ಅಂಗಡಿಯವರು 'ಸ್ಲೈಮ್ ಕೋಟ್' ಅನ್ನುತ್ತಾರಲ್ಲ, ಅದು ಇದೇ ಲೋಳೆ. ಮೀನಿನ ಮೈಮೇಲೆ ಇರುವ ತೆಳುವಾದ, ಜಾರುವ ಪದರ. ಮೀನಿಗೆ ಗಾಯವಾದರೆ ಯಾವ ಔಷಧ ಹಾಕಲಿ ಅಂತ ಎಲ್ಲರೂ ಕೇಳುತ್ತಾರೆ. ಲೋಳೆ ಉಳಿದಿದೆಯಾ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನವನಗರದ ನಮ್ಮ ಮನೆಯ ತೊಟ್ಟಿಗೆ ಚೆಂದ ಕಾಣಲಿ ಅಂತ ಇಳಕಲ್ಲಿನ ಕೆಂಪು ಕಲ್ಲಿನ ಚೂರೊಂದನ್ನು ಇಟ್ಟಿದ್ದೆ. ಗ್ರಾನೈಟ್ ನೀರಿಗೆ ಏನೂ ಬಿಡುವುದಿಲ್ಲ, ಆ ಮಟ್ಟಿಗೆ ನನ್ನ ಲೆಕ್ಕ ಸರಿ ಇತ್ತು. ಒಡೆದ ಅಂಚು ಬ್ಲೇಡಿನ ಹಾಗಿತ್ತು, ಅದನ್ನು ನೋಡಲಿಲ್ಲ. ಒಂದು ರಾತ್ರಿ ಯಾರೋ ಫಟ್ಟನೆ ಲೈಟ್ ಹಾಕಿದ್ದಕ್ಕೆ ಗೋಲ್ಡ್‌ಫಿಶ್ ಬೆದರಿ ಓಡಿ ಕಲ್ಲಿಗೆ ಉಜ್ಜಿಕೊಂಡಿತು. ಬೆಳಗ್ಗೆ ನೋಡಿದರೆ ಪಕ್ಕೆಯಲ್ಲಿ ಮೂರು ಹುರುಪೆ ಇಲ್ಲ. ಆ ಜಾಗದಲ್ಲಿ ತೊಗರಿ ಬೇಳೆಯಷ್ಟು ಗುಲಾಬಿ ಗಾಯ.

ಅವ್ವ ಬಗ್ಗಿ ನೋಡಿದಳು. "ಚೂರು ಅರಿಷಿಣ ಒತ್ತೋ, ಎರಡ ದಿನದಾಗ ಮಾಯ್ತೈತಿ."

ಬಲೆ ಹಾಕಿ ಹಿಡಿದೆ. ಒಣ ಟವೆಲ್ಲಿನಲ್ಲಿ ಒತ್ತಿಕೊಂಡು ಅರಿಶಿನ ಹಚ್ಚಿದೆ. ನೀರಿಗೆ ಬಿಟ್ಟ ಕ್ಷಣಕ್ಕೆ ಅರಿಶಿನ ಎದ್ದು ತೊಟ್ಟಿಯ ತುಂಬ ತೇಲಿತು. ಮೀನಿನ ಮೈಮೇಲೆ ಒಂದು ಕಣವೂ ಇರಲಿಲ್ಲ. ಟವೆಲ್ ನೋಡಿದೆ. ಅದರ ಮೇಲೆ ಹೊಳೆಯುವ ಗೆರೆ ಇತ್ತು, ಗೋಡೆಯ ಮೇಲೆ ಬಸವನಹುಳು ಹರಿದುಹೋದ ಗುರುತಿನ ಹಾಗೆ. ಮೀನಿನ ಲೋಳೆ ಅಲ್ಲಿತ್ತು. ಗಾಯ ಇದ್ದದ್ದು ಬೇಳೆಯಷ್ಟು, ನಾನು ಸುಲಿದದ್ದು ಇಡೀ ಮಗ್ಗುಲು.

ಲೋಳೆ ಹೋದರೆ ಏನು ಹೋಯಿತು ಅಂತ ಗೊತ್ತಾಗಬೇಕಾದರೆ ಮೀನಿನ ಚರ್ಮವನ್ನು ನಮ್ಮ ಚರ್ಮದ ಪಕ್ಕ ಇಟ್ಟು ನೋಡಬೇಕು. ನಮ್ಮ ಮೈಯ ಮೇಲ್ಪದರ ಸತ್ತ ಜೀವಕೋಶಗಳದ್ದು. ಸ್ನಾನದಲ್ಲಿ ಉಜ್ಜಿದರೆ ಕೊಳೆ ಅಂತ ಬರುವುದರಲ್ಲಿ ಅದೂ ಇರುತ್ತದೆ. ಮೀನಿಗೆ ಆ ಸತ್ತ ಪದರವೇ ಇಲ್ಲ. ಹೊರಗಿನ ಕಟ್ಟಕಡೆಯ ಕೋಶವೂ ಜೀವಂತ, ನೇರ ನೀರಿನಲ್ಲಿ. ಹುರುಪೆ ಕವಚ ಅಲ್ಲವಾ ಅಂತ ಕೇಳಬಹುದು. ಹುರುಪೆಯ ಬುಡ ಇರುವುದು ಚರ್ಮದ ಒಳಪದರದಲ್ಲಿ, ಅದರ ಮೇಲೂ ತೆಳ್ಳನೆಯ ಚರ್ಮ ಹೊದ್ದುಕೊಂಡಿರುತ್ತದೆ. ಹಾಗಾಗಿ ಒಂದು ಹುರುಪೆ ಕಿತ್ತರೆ ಹೆಂಚು ಜಾರಿದಂತಲ್ಲ, ಉಗುರು ಕಿತ್ತಂತೆ. ಈ ಬರಿ ಮೈಯನ್ನು ಕಾಯಲು ಚರ್ಮದಲ್ಲೇ ಇರುವ ಸಣ್ಣ ಸಣ್ಣ ಕೋಶಗಳು ಬಿಡುವಿಲ್ಲದೆ ಲೋಳೆ ಸುರಿಸುತ್ತಿರುತ್ತವೆ. ಹಳೆಯದು ನೀರಿನಲ್ಲಿ ತೊಳೆದು ಹೋಗುತ್ತದೆ, ಹೊಸದು ಬರುತ್ತದೆ. ಮೈಮೇಲೆ ಕೂರಲು ಬಂದ ಬ್ಯಾಕ್ಟೀರಿಯಾ ಹಳೆಯದರ ಜೊತೆಗೇ ಜಾರಿ ಹೋಗುತ್ತದೆ. ಲೋಳೆಯಲ್ಲಿ ಲೈಸೋಜೈಮ್ ಇದೆ, ನಮ್ಮ ಕಣ್ಣೀರಿನಲ್ಲಿ ಇರುವ ಅದೇ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು. ರೋಗದ ವಿರುದ್ಧ ಹೋರಾಡುವ ಆಂಟಿಬಾಡಿಗಳೂ ಇವೆ. ಡಿಸ್ಕಸ್ ಅನ್ನುವ ತಟ್ಟೆಯಂಥ ಮೀನಿನ ಮರಿಗಳಂತೂ ಹುಟ್ಟಿದ ಕೆಲವು ದಿನಗಳಲ್ಲಿ ಅಪ್ಪ ಅಮ್ಮನ ಮೈಗೆ ಬಾಯಿ ಹಚ್ಚಿ ಲೋಳೆಯನ್ನೇ ಮೇಯುತ್ತವೆ. ಅಪ್ಪನೂ ಹಾಲುಣಿಸುವ ಮನೆ ಅದು!

ಇನ್ನೊಂದು ವಿಷಯ ಕಣ್ಣಿಗೆ ಕಾಣುವುದಿಲ್ಲ. ಸಿಹಿನೀರಿನ ಮೀನಿನ ರಕ್ತ ಅದರ ಸುತ್ತಲಿನ ನೀರಿಗಿಂತ ಬಹಳ ಉಪ್ಪು. ಒಣದ್ರಾಕ್ಷಿ ನೆನೆಸಿದರೆ ಉಬ್ಬುತ್ತದಲ್ಲ, ಹಾಗೆ ನೀರು ಸದಾ ಮೀನಿನ ಒಳಗೆ ನುಗ್ಗಲು ನೋಡುತ್ತದೆ, ಒಳಗಿನ ಉಪ್ಪು ಹೊರಗೆ ಸೋರಲು ನೋಡುತ್ತದೆ. ಮೀನು ಹಗಲು ರಾತ್ರಿ ಮೂತ್ರ ಮಾಡಿ ನೀರು ಹೊರಹಾಕುತ್ತದೆ, ಕಿವಿರಿನಿಂದ ಉಪ್ಪು ಎಳೆದುಕೊಳ್ಳುತ್ತದೆ. ಚರ್ಮವೂ ಲೋಳೆಯೂ ಹರಿದ ಜಾಗ ಅಂದರೆ ದೋಣಿಗೆ ಬಿದ್ದ ತೂತು. ಗಾಯಗೊಂಡ ಮೀನು ಎಷ್ಟೋ ಸಲ ಸಾಯುವುದು ಕೀವಿನಿಂದಲ್ಲ, ಈ ನೀರು ಎತ್ತಿಹಾಕುವ ಕೆಲಸದಲ್ಲಿ ಸೋತು.

ಉಪ್ಪಿನ ಚಿಕಿತ್ಸೆಯ ಗುಟ್ಟು ಇಲ್ಲಿದೆ. ಉಪ್ಪು ಗಾಯಕ್ಕೆ ಔಷಧ ಅನ್ನುವುದಕ್ಕಿಂತ, ಹೊರಗಿನ ನೀರನ್ನು ಒಳಗಿನ ರಕ್ತಕ್ಕೆ ಸ್ವಲ್ಪ ಹತ್ತಿರ ತರುತ್ತದೆ ಅನ್ನುವುದು ಸರಿ. ಮೀನಿನ ದುಡಿಮೆ ಇಳಿಯುತ್ತದೆ, ಉಳಿದ ಶಕ್ತಿಯಲ್ಲಿ ಅದು ಚರ್ಮ ಹೊಲಿದುಕೊಳ್ಳುತ್ತದೆ. ಇದನ್ನು ತಿಳಿಯದೆ ನಮ್ಮ ಕಡೆ ಕೆಲವರು ಪ್ರೀತಿಯಿಂದ ಇನ್ನೊಂದು ತಪ್ಪು ಮಾಡುತ್ತಾರೆ. ಬೋರಿನ ನೀರು ಸವಳು, ಪಾಪ ಮೀನಿಗೆ ಹುಷಾರಿಲ್ಲ ಅಂತ, ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕದಿಂದ ನೀರು ತಂದು ಸುರಿಯುತ್ತಾರೆ. ಲವಣ ಬಹುಪಾಲು ತೆಗೆದ ನೀರು ಗಾಯದ ಮೀನಿಗೆ ಇನ್ನೂ ಭಾರ. ಗೋಲ್ಡ್‌ಫಿಶ್‌ಗೆ ಗಡಸು ನೀರೇ ವಾಸಿ.

ಎರಡನೇ ದಿನ ನಾನು ಮಾಡಿದ್ದು ಇಷ್ಟು. 20 ಲೀಟರಿನ ಟಬ್, ಅದರಲ್ಲಿ ತೊಟ್ಟಿಯದೇ ನೀರು, ಒಂದು ಏರ್ ಪಂಪ್. ಮೀನನ್ನು ಬಲೆಯಿಂದ ಹಿಡಿಯಲಿಲ್ಲ, ಸ್ಟೀಲ್ ಡಬರಿಯೊಳಗೆ ಮೆಲ್ಲಗೆ ಓಡಿಸಿ ನೀರಿನ ಸಮೇತ ಎತ್ತಿದೆ. ಕೈ ಹಾಕಲೇಬೇಕಾದರೆ ಕೈ ಒದ್ದೆ ಇರಬೇಕು. ಕಲ್ಲುಪ್ಪನ್ನು ಅಡುಗೆಮನೆಯ ತಕ್ಕಡಿಯಲ್ಲಿ 20 ಗ್ರಾಂ ತೂಗಿ, ಮಗ್ಗಿನಲ್ಲಿ ಕರಗಿಸಿ ಹಾಕಿದೆ. ಅಂದರೆ ಲೀಟರಿಗೆ 1 ಗ್ರಾಂ. ಮರುದಿನ ಇನ್ನೊಂದು 20 ಗ್ರಾಂ. ಲೀಟರಿಗೆ 3 ಗ್ರಾಂವರೆಗೆ ಗೋಲ್ಡ್‌ಫಿಶ್ ಆರಾಮಾಗಿ ತಡೆಯುತ್ತದೆ, ಆದರೆ ನಾನು 2ರಲ್ಲೇ ನಿಲ್ಲಿಸಿದೆ. ಉಪ್ಪು ನೀರಿನ ಜೊತೆ ಆವಿಯಾಗುವುದಿಲ್ಲ ಅನ್ನುವುದನ್ನು ಮರೆಯಬಾರದು. ದಿನಾ 5 ಲೀಟರ್ ನೀರು ಬದಲಿಸಿದರೆ ಆ 5 ಲೀಟರಿನ ಉಪ್ಪು ಮಾತ್ರ ಸೇರಿಸಬೇಕು. ಮೀಸೆ ಇರುವ ಕೋರಿ ಜಾತಿಯ ಪುಟ್ಟ ಮೀನುಗಳಿಗೂ ತೊಟ್ಟಿಯ ಗಿಡಗಳಿಗೂ ಉಪ್ಪು ಆಗಿಬರುವುದಿಲ್ಲ. ಅದಕ್ಕೇ ಬೇರೆ ಟಬ್.

ಬದಲಿಸುವ ನೀರು ನಳದ್ದಾದರೆ ಕ್ಲೋರಿನ್ ಹೋಗಿರಬೇಕು. ಕ್ಲೋರಿನ್ ಲೋಳೆಯನ್ನೂ ಕಿವಿರನ್ನೂ ಸುಡುತ್ತದೆ. ಅಂಗಡಿಯ ಆಂಟಿ ಕ್ಲೋರಿನ್ ಹಾಕಿ, ಇಲ್ಲವೇ ಒಂದು ದಿನ ತೆರೆದ ಬಕೆಟ್ಟಿನಲ್ಲಿಡಿ. ಮೀನಿನದೇ ಹೊಲಸಿನಿಂದ ಏಳುವ ಅಮೋನಿಯಾ ಕೂಡ ಹಾಗೇ ಸುಡುತ್ತದೆ, ಮತ್ತು ಜಾಸ್ತಿ ಮನೆಗಳಲ್ಲಿ ನಿಜವಾದ ಕಳ್ಳ ಅದೇ. ಗಾಯದ ಮೀನಿಗೆ ಊಟ ಅರ್ಧ ಮಾಡಿ. ಬೇಸಿಗೆಯಲ್ಲಿ ಗಾಳಿ ಹೆಚ್ಚು ಬಿಡಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಏಳೂವರೆ ಮಾತ್ರ. ನಮ್ಮ ಮೇ ತಿಂಗಳಲ್ಲಿ ತೊಟ್ಟಿಯ ನೀರು 30 ದಾಟುವುದು ಏನು ದೊಡ್ಡ ಮಾತು?

ಲೋಳೆ ಹೋದ ಮೇಲೆ ಬರುವವರ ಕಥೆ ಬೇರೆ. ಗಾಯದ ಮೇಲೆ ಹತ್ತಿಯಂತೆ ಉದ್ದ ಎಳೆ ಎದ್ದರೆ ಅದು ನೀರಿನ ಬೂಷ್ಟು, ಹೆಸರು ಸ್ಯಾಪ್ರೊಲೆಗ್ನಿಯಾ. ಇದರ ಬೀಜಾಣು ಯಾವಾಗಲೂ ನೀರಿನಲ್ಲಿ ಇರುತ್ತದೆ, ಗಟ್ಟಿ ಲೋಳೆ ಇರುವ ಮೈಮೇಲೆ ಸುಲಭಕ್ಕೆ ಕೂರಲಾಗುವುದಿಲ್ಲ ಅಷ್ಟೆ. ಇದಕ್ಕೆ ಮೆಥಿಲೀನ್ ಬ್ಲೂ ನಡೆಯುತ್ತದೆ, ಆದರೆ ಟಬ್‌ನಲ್ಲಿ ಮಾತ್ರ. ದೊಡ್ಡ ತೊಟ್ಟಿಗೆ ಸುರಿದರೆ ಫಿಲ್ಟರಿನಲ್ಲಿ ಅಮೋನಿಯಾ ತಿಂದು ಬದುಕಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬಾಯಿಯ ಸುತ್ತ ಅಥವಾ ಬೆನ್ನ ಮೇಲೆ ಜೀನು ಹಾಕಿದಂತೆ ಬೂದು ಪದರ ಬಂದರೆ ಅದೂ ಹತ್ತಿಯ ಹಾಗೇ ಕಾಣುತ್ತದೆ, ಆದರೆ ಬ್ಯಾಕ್ಟೀರಿಯಾ. ಕಾಲಮ್ನಾರಿಸ್ ಅನ್ನುತ್ತಾರೆ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ದಿನದಲ್ಲೇ ಮೀನನ್ನು ಮುಗಿಸಬಲ್ಲದು. ರೋಗ ಯಾವುದೇ ಇರಲಿ ಹೀಟರ್ ಹಚ್ಚಿ ಅನ್ನುವ ಸಲಹೆ ಇಲ್ಲಿ ಮೀನನ್ನು ಕೊಲ್ಲುತ್ತದೆ. ಮೈತುಂಬ ರವೆ ಕಾಳು ಚೆಲ್ಲಿದಂತಿದ್ದರೆ ಇಕ್, ಅದೊಂದು ಪರಾವಲಂಬಿ. ಅದು ಚರ್ಮದ ಒಳಗೇ ಸೇರಿ ಕೂತಿರುವುದರಿಂದ ಔಷಧ ತಾಗುವುದಿಲ್ಲ. ಬಲಿತು ಹೊರಬಿದ್ದು, ನೀರಿನಲ್ಲಿ ಮರಿ ಈಜುವ ಹೊತ್ತಿಗೆ ಮಾತ್ರ ಸಿಗುತ್ತದೆ. ಎರಡೇ ದಿನಕ್ಕೆ ಔಷಧ ನಿಲ್ಲಿಸಿದವರಿಗೆ ಅದು ತಿರುಗಿ ಬರುವುದು ಅದಕ್ಕೇ.

ಆಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ನೀರಿಗೆ ಸುರಿಯುವ ಅಭ್ಯಾಸದ ಬಗ್ಗೆ ನನ್ನ ಮಾತು ಕಟು. ಯಾವ ರೋಗ, ಎಷ್ಟು ಪ್ರಮಾಣ ಗೊತ್ತಿಲ್ಲದೆ ಹಾಕಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಾಕಿದಂತೆ. ಈಜುರೆಕ್ಕೆಯಲ್ಲಿ ಕೆಂಪು ಗೆರೆ, ಅನಾನಸ್ ಸಿಪ್ಪೆಯಂತೆ ಎದ್ದುನಿಂತ ಹುರುಪೆ ಕಂಡರೆ ಸೋಂಕು ಮೈಯೊಳಗೆ ಇಳಿದಿದೆ. ಅದು ಪಶುವೈದ್ಯರು ನೋಡಬೇಕಾದದ್ದು. ಹಾಂ, ನಿಮ್ಮ ಕೈಯಲ್ಲಿ ಗಾಯವಿದ್ದರೆ ತೊಟ್ಟಿಯೊಳಗೆ ಕೈ ಹಾಕಬೇಡಿ. ಮೈಕೋಬ್ಯಾಕ್ಟೀರಿಯಂ ಮರಿನಂ ಅನ್ನುವ ಬ್ಯಾಕ್ಟೀರಿಯಾ ಮೀನಿನಿಂದ ಮನುಷ್ಯರ ಚರ್ಮಕ್ಕೆ ಬಂದು ತಿಂಗಳುಗಟ್ಟಲೆ ಕಾಡುತ್ತದೆ.

ಲೋಳೆ ಬೆಳೆಸುತ್ತೇವೆ ಅಂತ ಮಾರುವ ಬಾಟಲಿಗಳೂ ಇವೆ. ಕೆಲವುದರಲ್ಲಿ ಇರುವುದು ಲೋಳೆಸರದ ರಸ. ಕನ್ನಡದ ಹೆಸರು ಗೊತ್ತಿದ್ದವರಿಗೆ ನಗು ಬರುತ್ತದೆ ಅಲ್ವಾ? ಆದರೆ ಗಿಡದ ಲೋಳೆ ಮೀನಿನ ಲೋಳೆ ಆಗುವುದಿಲ್ಲ. ನಾನು ಕೊಳ್ಳಲಿಲ್ಲ.

ನೀರಿನಲ್ಲಿ ಗಾಯಕ್ಕೆ ಹಕ್ಕಳೆ ಕಟ್ಟುವುದಿಲ್ಲ. ಸುತ್ತಲಿನ ಚರ್ಮದ ಕೋಶಗಳೇ ಹರಿದು ಬಂದು, ಸಣ್ಣ ಗಾಯವಾದರೆ ಕೆಲವೇ ಗಂಟೆಗಳಲ್ಲಿ, ಮೇಲೊಂದು ತೆಳು ಹೊದಿಕೆ ಹಾಸುತ್ತವೆ. ನನ್ನ ಮೀನಿಗೆ ಆ ಗಂಟೆಗಳನ್ನು ಕಸಿದದ್ದು ಟವೆಲ್. ಟಬ್‌ಗೆ ಬಿಟ್ಟ ನಾಲ್ಕನೇ ದಿನ ಗಾಯದ ಗುಲಾಬಿ ಬಣ್ಣ ಮಾಸಿತು. ಒಂಬತ್ತನೇ ದಿನ ಅದೇ ಜಾಗದಲ್ಲಿ ಕಪ್ಪು ಕಲೆ ಎದ್ದಿತು. ಕೊಳೆಯಿತು ಅಂತ ಎದೆ ಧಸಕ್ ಅಂದಿತು. ಗೋಲ್ಡ್‌ಫಿಶ್‌ನಲ್ಲಿ ಮಾಯುವ ಗಾಯಕ್ಕೆ ಹೀಗೆ ಕಪ್ಪು ಬಣ್ಣ ಬರುವುದುಂಟು, ಮಾಯುತ್ತಿರುವ ಗುರುತೇ ಅದು ಅಂತ ಆಮೇಲೆ ತಿಳಿಯಿತು.

ಅವ್ವ ಮತ್ತೆ ಬಗ್ಗಿ ನೋಡಿದಳು. "ನೀ ಅರಿಷಿಣ ಹಚ್ಚಿದ್ದು ನಿಲ್ಲಲಿಲ್ಲ ನೋಡು. ಯಾರದರ ದೃಷ್ಟಿ ತಾಗೀತಂತ ಅದ ತಾನ ಕಾಡಿಗಿ ಬೊಟ್ಟು ಇಟ್ಕೊಂಡೈತಿ."

ಬೊಟ್ಟು ಮೂರು ವಾರ ಇತ್ತು.